ಹೊಸ ಬಸ್ ಕೇಳಲಿಲ್ಲ, ಟೈಮ್ ಬದಲಿಸಿ ಅಂದೆವು

ನಮ್ಮೂರಿಗೆ ರಾತ್ರಿ ಹಾಲ್ಟ್ ಬಸ್ ಇದೆ. ಬೆಳಗ್ಗೆ 7:20ಕ್ಕೆ ಹೊರಡುತ್ತಿತ್ತು. ಅದು ತಾಲ್ಲೂಕು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಜಿಲ್ಲಾ ಕೇಂದ್ರದ ಬಸ್ ಹೋಗಿರುತ್ತಿತ್ತು. ಕಾಲೇಜು ಮಕ್ಕಳಿಗೆ ದಿನಾ ಮೊದಲ ಪೀರಿಯಡ್ ತಪ್ಪುತ್ತಿತ್ತು.

ಎಲ್ಲರೂ ಹೊಸ ಬಸ್ ಕೇಳೋಣ ಅನ್ನುತ್ತಿದ್ದರು. ಹೊಸ ಬಸ್ಸಿಗೆ ಗಾಡಿ, ಡ್ರೈವರ್, ಕಂಡಕ್ಟರ್ ಎಲ್ಲಾ ಬೇಕು. ಇರುವ ಬಸ್ಸನ್ನೇ ಇಪ್ಪತ್ತು ನಿಮಿಷ ಬೇಗ ಬಿಡಿಸುವುದು ಸುಲಭ ಅಲ್ವಾ? ಗಾಡಿ ಹೇಗೂ ಊರಲ್ಲೇ ನಿಂತಿರುತ್ತೆ.

ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿದೆವು. ಅರ್ಜಿ ಜೊತೆ ಮಕ್ಕಳ ಪಟ್ಟಿ ಇಟ್ಟೆವು: ಯಾವ ಕಾಲೇಜು, ಎಷ್ಟಕ್ಕೆ ಕ್ಲಾಸ್ ಶುರು, ಎಲ್ಲಿ ಹತ್ತುತ್ತಾರೆ. ಈ ಪಟ್ಟಿ ತುಂಬಾ ಮುಖ್ಯ. ಪಾಸ್ ಇರುವ ಮಕ್ಕಳಿಗೆ ದಿನದ ಟಿಕೆಟ್ ಹರಿಯುವುದಿಲ್ಲ, ಆ ಟ್ರಿಪ್ಪಿನ ಕಲೆಕ್ಷನ್ ನೋಡಿದರೆ ಬಸ್ ಖಾಲಿ ಅನ್ನಿಸುತ್ತೆ. ಹೆಂಗಸರಿಗೂ ಹೇಳಿದೆವು, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಮರೆಯದೆ ಇಸ್ಕೊಳ್ಳಿ ಅಂತ. ಸರ್ಕಾರ ನಿಗಮಕ್ಕೆ ದುಡ್ಡು ಕೊಡುವುದು ಆ ಟಿಕೆಟ್ ಲೆಕ್ಕದ ಮೇಲೆಯೇ.

ಡಿಪೋ ಮ್ಯಾನೇಜರ್ ಒಂದೇ ಮಾತು ಕೇಳಿದರು: "ಬೇಗ ಏಳಬೇಕಾದ ಸಿಬ್ಬಂದಿಗೆ ಮಲಗೋಕೆ ಸರಿಯಾದ ಜಾಗ ಇದೆಯಾ?" ಇರಲಿಲ್ಲ. ಬಸ್ಸಿನ ಸೀಟಿನ ಮೇಲೇ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಿದ್ದರು. ಸಮುದಾಯ ಭವನದ ಕೋಣೆ ತೊಳೆಸಿ ಎರಡು ಮಂಚ, ಫ್ಯಾನು, ಸೊಳ್ಳೆಪರದೆ ಹಾಕಿಸಿದೆವು. ಶೌಚಾಲಯದ ಕೀ ಅವರ ಕೈಗೇ ಕೊಟ್ಟೆವು.

ಈಗ ಬಸ್ 7ಕ್ಕೆ ಹೊರಡುತ್ತೆ, ಜಿಲ್ಲಾ ಕೇಂದ್ರದ ಬಸ್ ಸಿಗುತ್ತೆ. ಸಂಜೆಯ ಟ್ರಿಪ್ಪಿಗೂ ಇದೇ ರೀತಿ ಪಟ್ಟಿ ಬರೆಯುತ್ತಿದ್ದೇವೆ.