ನರ ಕಾಣಿಸತೊಡಗಿದ ಮೇಲೆ ಸೂಜಿ ದೂರ ಸರಿಯಿತು

ಅರಿವಳಿಕೆ ಅಂದ ಕೂಡಲೇ ಹೆಚ್ಚಿನವರಿಗೆ ಎರಡೇ ನೆನಪಾಗುತ್ತವೆ. ಒಂದು, ಪೂರ್ತಿ ಪ್ರಜ್ಞೆ ತಪ್ಪಿಸುವುದು. ಇನ್ನೊಂದು, ಬೆನ್ನಿಗೆ ಕೊಡುವ ಇಂಜೆಕ್ಷನ್. ಮೂರನೆಯದೂ ಒಂದಿದೆ. ಆಪರೇಷನ್ ಆಗಬೇಕಾದ ಕೈಗೋ ಕಾಲಿಗೋ ಹೋಗುವ ನರದ ಸುತ್ತ ಔಷಧಿ ಬಿಟ್ಟು, ಆ ಭಾಗವನ್ನಷ್ಟೇ ಮರಗಟ್ಟಿಸುವುದು. ನಾವು ಇದನ್ನು ನರ್ವ್ ಬ್ಲಾಕ್ ಅಂತೀವಿ. ನಾನು ಕೆಲಸಕ್ಕೆ ಸೇರಿದ ಮೇಲೆ ಅರಿವಳಿಕೆಯಲ್ಲಿ ಇದರಷ್ಟು ಬದಲಾದದ್ದು ಬೇರೊಂದಿಲ್ಲ.

ನಾನು ಕಲಿಯುವಾಗ ನರ ಯಾರಿಗೂ ಕಾಣುತ್ತಿರಲಿಲ್ಲ. ಮೂಳೆ, ಸ್ನಾಯು, ನಾಡಿಮಿಡಿತ ಇವನ್ನು ಬೆರಳಲ್ಲಿ ಮುಟ್ಟಿ ನೋಡಿ, ಇಲ್ಲೇ ಇರಬೇಕು ಎಂಬ ಲೆಕ್ಕದಲ್ಲಿ ಸೂಜಿ ಹಾಕುವುದು. ರೋಗಿ ‘ಅಯ್ಯೋ, ಬೆರಳಿಗೆ ಕರೆಂಟ್ ಹೊಡೀತು’ ಅಂದರೆ ಸರಿಯಾದ ಜಾಗ ಸಿಕ್ಕಿತು ಎಂದರ್ಥ. ಅಂದರೆ ಸೂಜಿ ನರಕ್ಕೆ ತಾಗಿದ್ದೇ ನಮಗೆ ಗುರುತು! ಆಮೇಲೆ ಸ್ಟಿಮ್ಯುಲೇಟರ್ ಬಂತು. ಸೂಜಿಯ ತುದಿಯಿಂದ ಸಣ್ಣ ಕರೆಂಟ್ ಬಿಡುವುದು, 0.5 ಮಿಲಿಆಂಪಿಯರ್ ಹತ್ತಿರ ಬೆರಳು ಕುಣಿದರೆ ಔಷಧಿ ಕೊಡುವುದು. 0.2ಕ್ಕಿಂತ ಕಡಿಮೆಯಲ್ಲೂ ಕುಣಿಯುತ್ತಿದ್ದರೆ ಸೂಜಿ ನರದೊಳಗೇ ಇರಬಹುದು, ಹಿಂದೆ ಎಳೆಯಬೇಕು. ತಾಗಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಕತ್ತಲಲ್ಲಿ ಮಾಡುವ ಕೆಲಸವೇ.

ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡೇ ಕಾಲರ್ ಮೂಳೆಯ ಮೇಲಿಂದ ಬ್ಲಾಕ್ ಕೊಡಬಹುದು ಎಂದು ವಿಯೆನ್ನಾದ ಕಪ್ರಾಲ್ ಮತ್ತು ಜೊತೆಗಾರರು 1994ರಲ್ಲೇ ವರದಿ ಮಾಡಿದ್ದರು. ನನ್ನ ಕೈಗೆ ಪ್ರೋಬ್, ಅಂದರೆ ಚರ್ಮದ ಮೇಲಿಟ್ಟು ಒಳಗೆ ನೋಡುವ ಅಲ್ಟ್ರಾಸೌಂಡ್ ಹಿಡಿಕೆ, ಬಂದದ್ದು ಅದಾಗಿ ಬಹಳ ಕಾಲದ ಮೇಲೆ. ಇಂದಿಗೂ ನನಗೆ ಇಷ್ಟವಾದ ನೋಟ ಅದೇ ಕಾಲರ್ ಮೂಳೆಯ ಮೇಲಿನದು. ಪ್ರೋಬ್ ಇಟ್ಟು ಸ್ವಲ್ಪ ಕೆಳಕ್ಕೆ ಬಗ್ಗಿಸಿದರೆ ಮೊದಲು ಕಾಣುವುದು ಕಪ್ಪಗೆ, ದುಂಡಗೆ ಮಿಡಿಯುವ ಆರ್ಟರಿ. ಅದರ ಅಡಿಯಲ್ಲಿ ಬೆಳ್ಳಗೆ ಹೊಳೆಯುವ ಮೊದಲ ಪಕ್ಕೆಲುಬು. ಪಕ್ಕೆಲುಬಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಬಿಳಿ ಗೆರೆ ಇದೆ, ಉಸಿರಿಗೆ ತಕ್ಕಂತೆ ಜಾರಾಡುತ್ತದೆ. ಅದು ಶ್ವಾಸಕೋಶದ ಪೊರೆ. ಆರ್ಟರಿಯ ಹೊರಮಗ್ಗುಲಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಒತ್ತಾಗಿ ಕೂತಿರುವುದೇ ಕೈಗೆ ಹೋಗುವ ನರಗಳು.

ಹೊಸಬರು ಇಲ್ಲಿ ಖುಷಿಯಾಗಿ ಸೂಜಿ ಹಾಕಿಬಿಡುತ್ತಾರೆ. ನಾನು ಅವರ ಕೈ ಹಿಡಿದು ನಿಲ್ಲಿಸುವುದು ಇಲ್ಲೇ. ನರ ಕಂಡರೆ ಸಾಲದು, ಸೂಜಿಯ ತುದಿ ಕಾಣಬೇಕು. ಪರದೆಯ ಮೇಲೆ ಸೂಜಿ ಉದ್ದಕ್ಕೂ ಕಂಡಂತೆ ಅನ್ನಿಸುತ್ತದೆ, ನಿಜವಾದ ತುದಿ ಅಲ್ಟ್ರಾಸೌಂಡ್ ಕಿರಣದಿಂದ ಹೊರಗೆ ಹೋಗಿ ಇನ್ನೂ ಆಳದಲ್ಲಿರುತ್ತದೆ. ಕಿರಣದ ದಪ್ಪ ಬಹಳ ಕಡಿಮೆ, ಕೈ ಚೂರು ತಿರುಗಿದರೂ ಸಾಕು. ತುದಿ ಮಾಯವಾಯಿತಾ, ಸೂಜಿಯನ್ನು ಮುಂದೆ ತಳ್ಳಬಾರದು. ಸೂಜಿ ಅಲ್ಲೇ ನಿಲ್ಲಲಿ, ಪ್ರೋಬನ್ನು ನಿಧಾನಕ್ಕೆ ಸರಿಸಿ ಹುಡುಕಬೇಕು. ಆಮೇಲೆ ಒಂದು ಮಿಲಿ ಬಿಟ್ಟು ನೋಡಬೇಕು. ಔಷಧಿ ಕಪ್ಪಗೆ ಹರಡಿ ನರದ ಸುತ್ತಲಿನ ಪದರ ಬಿಡಿಸಿಕೊಳ್ಳುತ್ತಾ ಹೋದರೆ ಸರಿ. ಬಿಟ್ಟ ಔಷಧಿ ಎಲ್ಲೂ ಕಾಣಲಿಲ್ಲವಾದರೆ ರಕ್ತನಾಳದೊಳಗೆ ಹೋಗುತ್ತಿರಬಹುದು. ನರವೇ ಉಬ್ಬಿದರೆ, ಇಲ್ಲವೇ ಸಿರಿಂಜ್ ಒತ್ತಲು ಬಿಗಿಯಾದರೆ, ತಕ್ಷಣ ನಿಲ್ಲಿಸಬೇಕು. ಆ ಬಿಗಿಯನ್ನು ಸಿಸ್ಟರ್ ಕೈಯ ಅಂದಾಜಿಗೆ ಬಿಡದೆ ಒತ್ತಡ ಅಳೆಯುವ ಸಣ್ಣ ಸಾಧನ ಸಿಕ್ಕಿಸುವುದು ಒಳ್ಳೆಯದು. 15 ಪಿಎಸ್‌ಐ ದಾಟಬಾರದು.

ಅಲ್ಟ್ರಾಸೌಂಡ್ ಬಂದ ಮೇಲೆ ನರದ ಹತ್ತಿರ ಹೋಗುವುದು ಸುಲಭವಾಯಿತು ಅಂತ ಎಲ್ಲರೂ ಹೇಳುತ್ತಾರೆ. ನನ್ನ ವಿಷಯದಲ್ಲಿ ಆದದ್ದು ಉಲ್ಟಾ. ನರ ಕಾಣಿಸಿದ ಮೇಲೆ ಅದರಿಂದ ದೂರ ನಿಲ್ಲುವ ಧೈರ್ಯ ಬಂತು. ಔಷಧಿ ಕಡಿಮೆ ಮಾಡುವ ಧೈರ್ಯವೂ ಬಂತು.

ಭುಜದ ಆಪರೇಷನ್ ತಗೊಳ್ಳಿ. ಕುತ್ತಿಗೆಯ ಪಕ್ಕದಲ್ಲಿ ಎರಡು ಸ್ಕೇಲೀನ್ ಸ್ನಾಯುಗಳ ನಡುವೆ ಔಷಧಿ ಕೊಡುವುದು ಹಳೆಯ ಪದ್ಧತಿ. 20 ಮಿಲಿ, ಕೆಲವರು ಇನ್ನೂ ಜಾಸ್ತಿ. ಭುಜದ ನೋವೇನೋ ಹೋಗುತ್ತಿತ್ತು. ಆದರೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ನಡೆಸುವ ಫ್ರೆನಿಕ್ ನರ ಮುಂದಿನ ಸ್ಕೇಲೀನ್ ಸ್ನಾಯುವಿನ ಮೇಲೇ ಹಾದುಹೋಗುತ್ತದೆ. ಅಷ್ಟು ಔಷಧಿ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರಲ್ಲೂ ಆ ಬದಿಯ ವಪೆ ಕೆಲಸ ನಿಲ್ಲಿಸುತ್ತದೆ. ಗಟ್ಟಿಮುಟ್ಟಾದವರಿಗೆ ಗೊತ್ತೂ ಆಗುವುದಿಲ್ಲ. ಮೊದಲೇ ಶ್ವಾಸಕೋಶ ಕೆಟ್ಟವರಿಗೆ ಏದುಸಿರು ಬರುತ್ತದೆ. 5 ಮಿಲಿಗೆ ಇಳಿಸಿದರೂ ಭುಜದ ನೋವು ಹೋಗುತ್ತದೆ, ವಪೆ ಸೋಲುವವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅರ್ಧ ಅಂದರೂ ಜಾಸ್ತಿಯೇ ಅಲ್ವಾ? ಅದಕ್ಕೆ ನಾನು ಇನ್ನೂ ಸ್ವಲ್ಪ ಕೆಳಕ್ಕೆ ಬರುತ್ತೇನೆ. ಕುತ್ತಿಗೆಯ ಸಿ5, ಸಿ6 ನರಬೇರುಗಳು ಸೇರಿ ಒಂದಾಗುವ ಸುಪೀರಿಯರ್ ಟ್ರಂಕ್ ಹತ್ತಿರ. ಅಷ್ಟರಲ್ಲಿ ಫ್ರೆನಿಕ್ ನರ ಆ ಕಡೆ ದೂರ ಹೋಗಿರುತ್ತದೆ. ಉಸಿರಾಟ ತೀರಾ ದುರ್ಬಲವಾಗಿದ್ದರೆ ಕುತ್ತಿಗೆಯ ತಂಟೆಗೇ ಹೋಗದೆ ಸುಪ್ರಾಸ್ಕ್ಯಾಪುಲಾರ್ ಮತ್ತು ಆಕ್ಸಿಲರಿ ನರಗಳನ್ನು ಭುಜದ ಹತ್ತಿರವೇ ಹಿಡಿಯುತ್ತೇನೆ. ನೋವು ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಉಸಿರಿಗಿಂತ ಹೆಚ್ಚೇ?

ಮೊಣಕಾಲು ಕೀಲು ಬದಲಿಸಿದಾಗಲೂ ಇದೇ ಕಥೆ. ತೊಡೆಸಂದಿಯಲ್ಲಿ ಫೆಮೊರಲ್ ನರಕ್ಕೆ ಬ್ಲಾಕ್ ಕೊಟ್ಟರೆ ನೋವು ಚೆನ್ನಾಗಿ ಹೋಗುತ್ತದೆ, ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿನ ಬಲವೂ ಹೋಗುತ್ತದೆ. ಎದ್ದು ನಿಂತರೆ ಮೊಣಕಾಲು ಮಡಚಿ ಬೀಳುವ ಭಯ. ಈಗ ತೊಡೆಯ ನಡುಭಾಗಕ್ಕೆ ಇಳಿದು, ಸಾರ್ಟೋರಿಯಸ್ ಸ್ನಾಯುವಿನ ಅಡಿಯಲ್ಲಿ ಆರ್ಟರಿಯ ಪಕ್ಕ ಔಷಧಿ ಬಿಡುತ್ತೇವೆ. ಅದು ಅಡಕ್ಟರ್ ಕೆನಾಲ್ ಬ್ಲಾಕ್. ಮೊಣಕಾಲಿನ ಹಿಂಭಾಗದ ನೋವಿಗೆ ಐಪ್ಯಾಕ್ ಎಂಬ ಇನ್ನೊಂದು ಬ್ಲಾಕ್ ಸೇರಿಸಿದರಾಯಿತು. ಫಿಸಿಯೋದವರು ಅದೇ ದಿನ ನಡೆಸುತ್ತಾರೆ.

ಸೊಂಟದ ಮೂಳೆ ಮುರಿದು ಬರುವ ವಯಸ್ಸಾದವರ ವಿಷಯ ಬೇರೆಯೇ. ಅವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಬೇಕೆಂದರೆ ಕೂರಿಸಬೇಕು, ಇಲ್ಲವೇ ಮಗ್ಗುಲಿಗೆ ತಿರುಗಿಸಬೇಕು. ಎರಡರಲ್ಲೂ ಪ್ರಾಣ ಹೋದ ಹಾಗೆ ಕೂಗುತ್ತಾರೆ. 2018ರಲ್ಲಿ ಪೆಂಗ್ ಬ್ಲಾಕ್ ವರದಿಯಾಯಿತು. ಸೊಂಟದ ಕೀಲಿನ ಮುಂಭಾಗಕ್ಕೆ ಬರುವ ಸಣ್ಣ ನರಕೊಂಬೆಗಳನ್ನು, ಸೋಆಸ್ ಸ್ನಾಯುವಿನ ಸ್ನಾಯುರಜ್ಜು ಮತ್ತು ಮೂಳೆಯ ನಡುವೆ 20 ಮಿಲಿ ಬಿಟ್ಟು ಮರಗಟ್ಟಿಸುವುದು. ಹಾಸಿಗೆಯಲ್ಲಿ ಅಂಗಾತ ಮಲಗಿದ್ದಾಗಲೇ ಕೊಟ್ಟು ಅರ್ಧ ಗಂಟೆ ಬಿಡುತ್ತೇನೆ. ಹೀಗೆ ಕೊಟ್ಟ ಒಬ್ಬ ಅಜ್ಜಿಯ ಹತ್ತಿರ ಹೋಗಿ, ‘ಅಜ್ಜಿ, ಈಗ ಎದ್ದು ಕೂರೋಣವಾ?’ ಅಂದೆ. ‘ಬೇಡಪ್ಪಾ, ಮುಟ್ಟಬೇಡಿ’ ಅನ್ನುತ್ತಲೇ ಕಾಲು ಅಲುಗಿಸಿ ನೋಡಿದರು. ಆಮೇಲೆ, ‘ಇಷ್ಟೇ ಇದ್ದರೆ ನಿನ್ನೆಯೇ ಯಾಕೆ ಕೊಡಲಿಲ್ಲ?’ ಅಂತ ನನ್ನನ್ನೇ ಬೈದರು. ಬೈಗುಳ ನ್ಯಾಯವಾದದ್ದೇ. ಈ ಬ್ಲಾಕ್ ಓಟಿಯಲ್ಲಿ ಅಲ್ಲ, ರೋಗಿ ಆಸ್ಪತ್ರೆಗೆ ಬಂದ ಕೂಡಲೇ ಸಿಗಬೇಕು.

ಪಕ್ಕೆಲುಬು ಮುರಿದವರಿಗೆ, ಎದೆ ಆಪರೇಷನ್ ಆದವರಿಗೆ 2016ರಲ್ಲಿ ಬಂದ ಇಎಸ್‌ಪಿ ಬ್ಲಾಕ್ ಕೊಡುತ್ತೇನೆ. ಇಲ್ಲಿ ನರ ಹುಡುಕುವ ಗೋಜೇ ಇಲ್ಲ. ಬೆನ್ನುಮೂಳೆಯ ಅಡ್ಡಚಾಚಿನ ಮೇಲೆ, ಸ್ನಾಯುವಿನ ಅಡಿಯಲ್ಲಿ ಔಷಧಿ ಬಿಟ್ಟರೆ ಅದೇ ಹರಡಿಕೊಳ್ಳುತ್ತದೆ. ಹೇಗೆ ಕೆಲಸ ಮಾಡುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಪರಿಣಾಮ ಒಬ್ಬೊಬ್ಬರಲ್ಲಿ ಒಂದೊಂದು ಥರ. ಹೊಸ ಹೆಸರಿನ ಬ್ಲಾಕ್‌ಗಳು ಆಗಾಗ ಹುಟ್ಟುತ್ತಲೇ ಇವೆ, ಎಲ್ಲವನ್ನೂ ಕಲಿಯಬೇಕಿಲ್ಲ. ಏಳೆಂಟು ಚೆನ್ನಾಗಿ ಬಂದರೆ ಬಹುತೇಕ ಕೆಲಸ ನಡೆಯುತ್ತದೆ.

ಎಷ್ಟೇ ಚೆನ್ನಾಗಿ ಕಂಡರೂ ಲೆಕ್ಕ ಬಿಡಬಾರದು. 50 ಕೆಜಿ ತೂಕದವರಿಗೆ ಮರಗಟ್ಟಿಸುವ ಔಷಧಿ ಬುಪಿವಕೇನ್ ಕೆಜಿಗೆ 2 ಮಿಗ್ರಾಂನಂತೆ ಹೆಚ್ಚೆಂದರೆ 100 ಮಿಗ್ರಾಂ. ಅಂದರೆ 0.5% ಔಷಧಿ 20 ಮಿಲಿಗೇ ಮುಗಿಯಿತು. ಎರಡು ಕಡೆ ಬ್ಲಾಕ್ ಕೊಡಬೇಕಿದ್ದರೆ ಅದರಲ್ಲೇ ಹಂಚಬೇಕು. ಸರ್ಜನ್ ಆಮೇಲೆ ಗಾಯಕ್ಕೆ ಹಾಕುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿರಬೇಕು. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ಕಿವಿ ಗುಂಯ್‌ಗುಡುವುದು, ಬಾಯಿ ಸುತ್ತ ಜೋಮು, ಫಿಟ್ಸ್, ಹೃದಯದ ಬಡಿತ ಏರುಪೇರು. ಅದಕ್ಕೆ 20% ಲಿಪಿಡ್ ಎಮಲ್ಷನ್, ಅಂದರೆ ರಕ್ತನಾಳಕ್ಕೆ ಕೊಡುವ ಬಿಳಿಯ ಕೊಬ್ಬಿನ ದ್ರಾವಣ ಬೇಕು, ಕೆಜಿಗೆ 1.5 ಮಿಲಿ ಮೊದಲ ಡೋಸ್. ಅಮೆರಿಕದ ಅರಿವಳಿಕೆ ತಜ್ಞ ವೈನ್‌ಬರ್ಗ್ ಇದನ್ನು 1998ರಲ್ಲಿ ಇಲಿಗಳಲ್ಲಿ ತೋರಿಸಿದರು, ಮನುಷ್ಯರಲ್ಲಿ ಬಳಸಿ ಬದುಕಿಸಿದ ವರದಿ 2006ರಲ್ಲಿ ಬಂತು. ಪ್ರಜ್ಞೆ ತಪ್ಪಿಸಲು ಕೊಡುವ ಪ್ರೊಪೊಫಾಲ್ ಕೂಡ ಬೆಳ್ಳಗೇ ಇದೆ ಅಂತ ಅದನ್ನು ಹಾಕಬಾರದು. ಲಿಪಿಡ್ ಬಾಟಲಿ ಬ್ಲಾಕ್ ಕೊಡುವ ಜಾಗದಲ್ಲೇ ಇರಬೇಕು, ಸ್ಟೋರ್‌ನಲ್ಲಿ ಬೀಗದೊಳಗಲ್ಲ. ಸೂಜಿ ಹಾಕುವ ಮುಂಚೆ ಬಲವೋ ಎಡವೋ ಎಂದು ಸಿಸ್ಟರ್ ಜೊತೆ ಇನ್ನೊಮ್ಮೆ ಗುರುತು ನೋಡುವುದೂ ಅಷ್ಟೇ ಮುಖ್ಯ.

ಬ್ಲಾಕ್ ಇಳಿಯುವ ಹೊತ್ತಿನ ಬಗ್ಗೆ ನಾವು ಬಹಳ ಕಾಲ ಯೋಚಿಸಿರಲಿಲ್ಲ. ಮಧ್ಯಾಹ್ನ ‘ಕೈ ನಂದೇ ಅಲ್ಲ ಅನ್ನಿಸ್ತಿದೆ ಡಾಕ್ಟ್ರೇ’ ಎಂದು ನಗುತ್ತಿದ್ದವರು ನಡುರಾತ್ರಿ ಒಮ್ಮೆಲೇ ನೋವಿಗೆ ಎದ್ದು ಕೂರುತ್ತಾರೆ. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ರಕ್ತನಾಳಕ್ಕೆ ಕೊಟ್ಟರೂ ಬ್ಲಾಕ್ ಕೆಲವು ಗಂಟೆ ಉದ್ದವಾಗುತ್ತದೆ, ಇಳಿಯುವಾಗಿನ ನೋವೂ ತಗ್ಗುತ್ತದೆ. ಆದರೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಮಾತನ್ನೇ. ಮನೆಗೆ ಹೋಗುವ ಮೊದಲು ರೋಗಿಗೂ ಜೊತೆಯಲ್ಲಿ ಬಂದವರಿಗೂ ಕೂರಿಸಿ ಹೇಳುತ್ತೇನೆ: ನೋವಿಲ್ಲದಿದ್ದರೂ ಮಲಗುವ ಮುಂಚೆ ಮಾತ್ರೆ ತಗೊಳ್ಳಿ. ಬೆರಳು ಜುಮ್ಮೆನ್ನಲು ಶುರುವಾದರೆ ಮುಂದಿನ ಮಾತ್ರೆಗೆ ಹೊತ್ತಾಯಿತು ಅಂತ ತಿಳ್ಕೊಳ್ಳಿ. ಮರಗಟ್ಟಿದ ಕೈಯನ್ನು ಸ್ಲಿಂಗ್‌ನಿಂದ ತೆಗೆಯಬೇಡಿ, ಬಿಸಿ ನೀರು, ಒಲೆಯ ಹತ್ತಿರ ಒಯ್ಯಬೇಡಿ. ಎರಡು ದಿನವಾದರೂ ಜೋಮು ಹೋಗದಿದ್ದರೆ, ಅಥವಾ ಉಸಿರು ಕಟ್ಟಿದ ಹಾಗಾದರೆ, ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ.