ಮುಟ್ಟದೆ ಬಿಟ್ಟ ಬೆಟ್ಟ

ಮೊದಲ ಪ್ರೂಫ್, ಅಂದರೆ ಪ್ಲೇಟಿನಿಂದ ಪರೀಕ್ಷೆಗೆ ಒತ್ತಿದ ಚಿತ್ರ, ಪ್ರೆಸ್ಸಿನಿಂದ ಹೊರಗೆ ಬಂದಾಗ ನನ್ನ ಕಣ್ಣು ಹೋಗಿದ್ದು ಆಕಾಶದ ಕಡೆಗೆ. ತಿಳಿ-ಗಾಢ ಛಾಯೆ ಕೊಡುವ ಅಕ್ವಾಟಿಂಟ್ ಚೆನ್ನಾಗಿ ಹಿಡಿದಿತ್ತು. ಖುಷಿಯಾಯಿತು. ಕಾಗದದ ಇನ್ನೊಂದು ತುದಿ ಹಿಡಿದಿದ್ದ ಹುಡುಗ, ನನ್ನ ಜೊತೆ ಸ್ಟುಡಿಯೋದಲ್ಲಿ ಕೆಲಸ ಮಾಡುವವನು, ಸ್ವಲ್ಪ ಹೊತ್ತು ನೋಡಿ ಕೇಳಿದ: "ಸಾರ್, ಇವರೆಲ್ಲ ಅಪ್ರದಕ್ಷಿಣೆ ಹಾಕ್ತಿದಾರಲ್ವಾ?"

ಹೌದು, ಹಾಕುತ್ತಿದ್ದರು. ಕೈಲಾಸದ ಸುತ್ತ ನಡೆಯುವ ನನ್ನ ಹನ್ನೊಂದು ಜನ ಯಾತ್ರಿಕರೂ ಉಲ್ಟಾ ಹೊರಟಿದ್ದರು.

ಎಚಿಂಗ್ ಅಂದರೆ ಲೋಹದ ಪ್ಲೇಟನ್ನು ಆಸಿಡ್‌ನಿಂದ ಕೊರೆದು, ಇಂಕು ತುಂಬಿ ಕಾಗದಕ್ಕೆ ಒತ್ತುವುದು. ಅದರಲ್ಲಿ ಪ್ಲೇಟಿನ ಮೇಲೆ ಬರೆದದ್ದು ಕಾಗದಕ್ಕೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಕಲಿಯಲು ಬಂದ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ ಇದು. ಪ್ರದಕ್ಷಿಣೆಯಲ್ಲಿ ಬೆಟ್ಟ ಬಲಗೈ ಕಡೆ ಇರಬೇಕು. ಹಾಗಾಗಿ ನೋಡುವ ನಮಗೂ ಬೆಟ್ಟಕ್ಕೂ ನಡುವೆ ನಡೆಯುವವರು ಯಾವಾಗಲೂ ಬಲದಿಂದ ಎಡಕ್ಕೆ ಹೋಗುತ್ತಾರೆ. ನನ್ನ ಸ್ಕೆಚ್ಚಿನಲ್ಲಿ ಹಾಗೇ ಇತ್ತು. ಟ್ರೇಸಿಂಗ್ ಹಾಳೆಯನ್ನು ಮಗುಚಿ ಇಡಬೇಕಿತ್ತು, ಇಡಲಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಅಂತ ಹೇಳಿಕೊಳ್ಳಲು ಅವತ್ತು ನಾಚಿಕೆಯಾಯಿತು.

ಯಾತ್ರೆಗೆ ಹೋಗಿದ್ದು 2025ರಲ್ಲಿ. 2020ರಿಂದ ನಿಂತುಹೋಗಿದ್ದ ಕೈಲಾಸ ಮಾನಸ ಸರೋವರ ಯಾತ್ರೆ ಆ ವರ್ಷ ಮತ್ತೆ ಶುರುವಾಯಿತು. ಲಾಟರಿಯಲ್ಲಿ ಹೆಸರು ಬಂತು, ಸಿಕ್ಕಿಂನ ನಾಥು ಲಾ ಕಣಿವೆದಾರಿ ದಾಟಿ ಹೋಗುವ ಐವತ್ತು ಜನರ ತಂಡದಲ್ಲಿ. ಭಕ್ತಿಯಿಂದ ಹೋದೆನೋ ಚಿತ್ರಕ್ಕಾಗಿ ಹೋದೆನೋ ಅಂತ ಕೆಲವರು ಕೇಳುತ್ತಾರೆ. ಹೊರಡುವಾಗ ಚಿತ್ರಕ್ಕಾಗಿಯೇ.

ಬೆಟ್ಟದ ಸುತ್ತ ಪರಿಕ್ರಮ ಸುಮಾರು 52 ಕಿಲೋಮೀಟರ್. ನಮಗೆ ಮೂರು ದಿನ ಹಿಡಿಯಿತು. ಮೊದಲ ರಾತ್ರಿ ದಿರಾಪುಕ್‌ನಲ್ಲಿ ತಂಗಿದೆವು. ಅಲ್ಲಿ ಉತ್ತರದ ಮುಖ ಎದುರಿಗೇ ನಿಲ್ಲುತ್ತದೆ, ಕಪ್ಪು ಬಂಡೆ, ಮೇಲೆ ಹಿಮ. ಬೆಳಿಗ್ಗೆ ಎಂಟು ಗಂಟೆಗೆ ಹೊರಗೆ ಕೂತೆ. ಅಲ್ಲಿ ಗಡಿಯಾರ ಬೀಜಿಂಗ್ ಸಮಯ ತೋರಿಸುತ್ತದೆ, ಅದಕ್ಕೇ ಎಂಟಕ್ಕೆ ಆಗಷ್ಟೇ ಬೆಳಕು ಹರಿಯುತ್ತಿತ್ತು. ಜಲವರ್ಣ ಹಚ್ಚಿದರೆ ಒಣಗುವ ಮೊದಲೇ ಹೆಪ್ಪುಗಟ್ಟಿತು. ನೀಲಿಯೊಳಗೆ ಜರೀಗಿಡದ ಎಲೆಯಂಥ ಗೆರೆಗಳು ಎದ್ದವು. ಅವು ನಾನು ಬರೆದದ್ದಲ್ಲ, ಚಳಿ ಬರೆದದ್ದು. ಇಡೀ ಪ್ರವಾಸದಲ್ಲಿ ಮಾಡಿದ ನಲವತ್ತು ಚಿಲ್ಲರೆ ಹಾಳೆಗಳಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಆ ಒಂದೇ.

ಎಷ್ಟು ಸಲ ಬರೆದರೂ ಬೆಟ್ಟ ಮಾತ್ರ ಬರುತ್ತಿರಲಿಲ್ಲ. ಪೆನ್ಸಿಲ್ ಇಟ್ಟ ತಕ್ಷಣ ಅದು ಇನ್ನೊಂದು ಬೆಟ್ಟವಾಗಿಬಿಡುತ್ತಿತ್ತು, ಯಾವುದೋ ಕ್ಯಾಲೆಂಡರಿನ ಬೆಟ್ಟ. ಕೈಲಾಸದ ಎತ್ತರ ಸುಮಾರು 6,600 ಮೀಟರ್. ಎವರೆಸ್ಟ್ ಮುಂದೆ ಜಾಸ್ತಿಯೇನಲ್ಲ. ಆದರೂ ಪರ್ವತಾರೋಹಿಗಳು ಯಾರೂ ತುದಿ ಮುಟ್ಟಿದ ದಾಖಲೆ ಇಲ್ಲ. 1980ರ ದಶಕದಲ್ಲಿ ಹೆಸರಾಂತ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್‌ಗೆ ಹತ್ತಲು ಅವಕಾಶ ಸಿಕ್ಕಿತ್ತು, ಅವರೇ ಬೇಡ ಅಂದರು. ಸುತ್ತುವುದಷ್ಟೇ, ಮೇಲೆ ಕಾಲಿಡುವುದಿಲ್ಲ. ಎರಡನೇ ದಿನ ಪರಿಕ್ರಮದ ಅತಿ ಎತ್ತರದ ಜಾಗ ಡೋಲ್ಮಾ ಲಾ ಏರುವಾಗ, ಐದೂವರೆ ಸಾವಿರ ಮೀಟರ್ ದಾಟಿದ ಮೇಲೆ, ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾ ಒಂದು ಯೋಚನೆ ಬಂತು. ಕಾಲಿಡದ ಬೆಟ್ಟದ ಮೇಲೆ ಎಚಿಂಗ್ ಸೂಜಿ ಮಾತ್ರ ಯಾಕೆ ಇಡಬೇಕು?

ಹಾಗಾಗಿ ತಾಮ್ರದ ಪ್ಲೇಟಿನಲ್ಲಿ ಬೆಟ್ಟದ ಜಾಗವನ್ನು ಮುಟ್ಟಲೇ ಇಲ್ಲ. ಆಕಾಶ, ಕಣಿವೆ, ಕಲ್ಲು, ಜನ, ಎಲ್ಲವೂ ಅದರ ಸುತ್ತ. ಬೆಟ್ಟ ಅಂದರೆ ಬರೀ ಕಾಗದ.

ಹೇಳುವುದು ಸುಲಭ. ಎಚಿಂಗ್‌ನಲ್ಲಿ ಖಾಲಿ ಬಿಡುವುದೇ ಕಷ್ಟದ ಕೆಲಸ. ಆಸಿಡ್ ತಾಗದಂತೆ ಬೆಟ್ಟದ ಭಾಗಕ್ಕೆ ವಾರ್ನಿಷ್ ಬಳಿದು ಮುಚ್ಚಿದೆ. ಆಕಾಶಕ್ಕೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಬಿಸಿ ಮಾಡಿ ಅಂಟಿಸಿದೆ. ಆಮೇಲೆ ತಾಮ್ರವನ್ನು ತಿನ್ನುವ ಫೆರಿಕ್ ಕ್ಲೋರೈಡ್ ತೊಟ್ಟಿಗೆ. ತಿಳಿ ಬೇಕಾದ ಕಡೆ ಬೇಗ ಮುಚ್ಚುತ್ತಾ, ಗಾಢ ಬೇಕಾದ ಕಡೆ ಮತ್ತೆ ಮತ್ತೆ ಮುಳುಗಿಸುತ್ತಾ ಒಂದು ಮಧ್ಯಾಹ್ನ ಕಳೆಯಿತು. ವಾರ್ನಿಷ್ ಇನ್ನೂ ಪೂರ್ತಿ ಒಣಗಿರಲಿಲ್ಲ, ನನಗೆ ಆತುರ. ತೊಳೆದು ನೋಡಿದರೆ ಶಿಖರದ ಕೆಳಗೆ ಅಂಗೈಯಗಲ ಜಾಗದಲ್ಲಿ ಸೂಜಿಮೊನೆಯಂಥ ನೂರಾರು ಗುಳಿ. ಎಲ್ಲಿ ಮುಟ್ಟಬಾರದು ಅಂದುಕೊಂಡಿದ್ದೆನೋ ಅಲ್ಲೇ ಆಸಿಡ್ ತಿಂದಿತ್ತು.

ನಾಲ್ಕು ದಿನ ಸ್ಕ್ರೇಪರ್ ಹಿಡಿದು ಹೆರೆದೆ. ಆಮೇಲೆ ಒಂದು ಹನಿ ಎಣ್ಣೆ ಹಾಕಿ ಬರ್ನಿಷರ್‌ನಿಂದ ಉಜ್ಜಿದೆ, ತಾಮ್ರ ಕನ್ನಡಿಯಾಗುವವರೆಗೆ. ಆದರೆ ಹೆರೆದಷ್ಟೂ ಅಲ್ಲಿ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ಇಂಕು ನಿಲ್ಲುತ್ತದೆ, ಹಿಮದ ಮೇಲೆ ಬೂದು ಕಲೆ ಬರುತ್ತದೆ. ಅದಕ್ಕೆ ಪ್ಲೇಟನ್ನು ಬೋರಲು ಹಾಕಿ, ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮೇಲಕ್ಕೆ ಎಬ್ಬಿಸಬೇಕು. ಮುಟ್ಟದ ಬೆಟ್ಟ ಅಂತ ಹೊರಟವನು, ಕೊನೆಗೆ ಆ ಪ್ಲೇಟಿನಲ್ಲಿ ಅತಿ ಹೆಚ್ಚು ಮುಟ್ಟಿದ್ದು ಬೆಟ್ಟವನ್ನೇ. ಈಗಲೂ ಬೆಳಕಿಗೆ ಓರೆಯಾಗಿ ಹಿಡಿದರೆ ಐದಾರು ಚುಕ್ಕೆ ಕಾಣುತ್ತವೆ. ಬಿಟ್ಟುಬಿಟ್ಟೆ.

ಇಂಕು ಒರೆಸುವಾಗಲೂ ಅಷ್ಟೇ. ಬಟ್ಟೆಯಿಂದ ಒರೆಸಿದರೆ ತೆಳುವಾದ ಪೊರೆ ಉಳಿದು ಬಿಳಿ ಮಂಕಾಗುತ್ತದೆ. ಬೇರೆ ಚಿತ್ರಗಳಲ್ಲಿ ಆ ಮಂಕು ನನಗೆ ಇಷ್ಟ, ಸುಮ್ನೆ ಬಿಡುತ್ತೇನೆ. ಇಲ್ಲಿ ಬೇಡವಾಗಿತ್ತು. ಅಂಗೈಗೆ ಸ್ವಲ್ಪ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು, ಬೆಟ್ಟದ ಆಕಾರದುದ್ದಕ್ಕೂ ಕೈಯಿಂದಲೇ ಒರೆಸುತ್ತೇನೆ. ಒಂದು ಪ್ರಿಂಟಿಗೆ ಅರ್ಧ ಗಂಟೆ.

ಮಧ್ಯೆ ಜಪಾನಿನ ಕಲಾವಿದ ಹೊಕುಸಾಯ್ ಅವರ ಫ್ಯೂಜಿ ಮುದ್ರಣಗಳನ್ನು ಮತ್ತೆ ತೆಗೆದು ನೋಡಿದೆ. 1830ರ ಸುಮಾರಿನ ಮರದಚ್ಚಿನ ಸರಣಿ. ಹೆಸರಿಗೆ ಮೂವತ್ತಾರು ನೋಟ, ಜನ ಮೆಚ್ಚಿದ್ದರಿಂದ ಹತ್ತು ಸೇರಿ ನಲವತ್ತಾರಾಯಿತು. ಅದರಲ್ಲಿ ಒಂದರಲ್ಲಿ ಯಾತ್ರಿಕರು ಬೆಟ್ಟ ಹತ್ತುತ್ತಿದ್ದಾರೆ, ಕೆಲವರು ಗುಹೆಯಲ್ಲಿ ಒತ್ತಾಗಿ ಕೂತಿದ್ದಾರೆ. ಅಲ್ಲಿ ಹತ್ತುವುದೇ ಪೂಜೆ. ಪವಿತ್ರ ಅನ್ನುವ ಒಂದೇ ಮಾತಿನ ಕೆಳಗೆ ಎಲ್ಲ ಬೆಟ್ಟಗಳನ್ನೂ ಒಂದೇ ಥರ ಬರೆಯುವ ಚಿತ್ರಗಳ ಮೇಲೆ ನನಗಿದ್ದ ಅನುಮಾನ ಅವತ್ತು ಇನ್ನಷ್ಟು ಗಟ್ಟಿಯಾಯಿತು.

ಉಲ್ಟಾ ಬಂದ ಮೊದಲ ಪ್ಲೇಟನ್ನು ಪಾಲಿಷ್ ಮಾಡಿ ಅಳಿಸಿಬಿಡಬೇಕು ಅಂತಿದ್ದೆ. ಆಗ ದಾರಿಯಲ್ಲಿ ಕಂಡ ಒಬ್ಬ ಮುದುಕ ನೆನಪಾದ. ನಾವೆಲ್ಲ ಒಂದು ಕಡೆ ಹೋಗುತ್ತಿದ್ದರೆ ಆತ ಎದುರಿನಿಂದ ಬಂದ, ಕೈಯಲ್ಲಿ ಜಪಮಾಲೆ. ದಾರಿ ತಪ್ಪಿದವನಲ್ಲ, ಟಿಬೆಟಿನ ಬಾನ್ ಧರ್ಮದವನು. ಹಿಂದೂಗಳು, ಬೌದ್ಧರು, ಜೈನರು ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿದರೆ ಬಾನ್ ಜನ ಎಡಕ್ಕೆ ಇಟ್ಟುಕೊಂಡು ಸುತ್ತುತ್ತಾರೆ. ದಾರಿ ಕಿರಿದಾಗಿದ್ದ ಕಡೆ ನಾವಿಬ್ಬರೂ ಓರೆಯಾಗಿ ನಿಂತು ಜಾಗ ಬಿಟ್ಟುಕೊಂಡೆವು, ಆತ ನಕ್ಕ. ಆ ನಗು ನೆನಪಾಗಿದ್ದೇ ಪ್ಲೇಟು ಉಳಿಯಿತು. ಬಲದಿಂದ ಎಡಕ್ಕೆ ನಡೆಯುವವರ ಎರಡನೇ ಪ್ಲೇಟು ಹೊಸದಾಗಿ ಮಾಡಿದೆ. ಈಗ ಎರಡನ್ನೂ ಒಂದೇ ಹಾಳೆಯ ಮೇಲೆ ಪಕ್ಕಪಕ್ಕ ಒತ್ತುತ್ತೇನೆ. ಹನ್ನೆರಡು ಹಾಳೆಗಳ ಎಡಿಷನ್, ಏಳು ಆಗಿವೆ.

ಮುಂದಿನದು ಸರೋವರಗಳ ಚಿತ್ರ. ಮಾನಸ ಸರೋವರ ದುಂಡಗೆ, ಸಿಹಿನೀರು. ಪಕ್ಕದಲ್ಲೇ ರಾಕ್ಷಸತಾಲ್, ಉಪ್ಪುನೀರು. ಎರಡು ನೀಲಿ ಎರಡು ಥರ. ಅವನ್ನು ಒಂದೇ ಪ್ಲೇಟಿನಿಂದ, ಒಂದೇ ಸಲ ಒತ್ತಿ ತೆಗೆಯಬೇಕು ಅಂತ ಆಸೆ. ಪ್ಯಾರಿಸ್ಸಿನ ಅಟೆಲಿಯೆ 17 ಅನ್ನುವ ಮುದ್ರಣ ಸ್ಟುಡಿಯೋದಲ್ಲಿ ಭಾರತದ ಕಲಾವಿದ ಕೃಷ್ಣ ರೆಡ್ಡಿ ಮತ್ತು ಜೊತೆಗಾರರು ಬೆಳೆಸಿದ ವಿಸ್ಕಾಸಿಟಿ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಣ್ಣೆ ಜಾಸ್ತಿ ಇರುವ ಇಂಕನ್ನು ಗಟ್ಟಿ ರೋಲರ್‌ನಿಂದ ಮೇಲ್ಮಟ್ಟಕ್ಕೆ ಹಚ್ಚಬೇಕು. ಆಮೇಲೆ ಬಿಗಿಯಾದ ಇಂಕನ್ನು ಮೆತ್ತನೆ ರೋಲರ್‌ನಿಂದ ತಗ್ಗಿಗೆ. ಎಣ್ಣೆ ಇದ್ದ ಕಡೆ ಎರಡನೆಯದು ಹಿಡಿಯುವುದಿಲ್ಲ. ಮಾನಸ ಸರೋವರವನ್ನು ಮೇಲೆ ಇಟ್ಟಿದ್ದೇನೆ, ರಾಕ್ಷಸತಾಲವನ್ನು ಆಸಿಡ್‌ನಲ್ಲಿ ಆಳಕ್ಕೆ ಇಳಿಸಿದ್ದೇನೆ. ನಿನ್ನೆಯ ಪ್ರೂಫಿನಲ್ಲಿ ಇಂಕು ಹದ ತಪ್ಪಿ ಎರಡು ಸರೋವರವೂ ಒಂದಕ್ಕೊಂದು ಹರಿದು ಸೇರಿದ್ದವು. ನಾಳೆ ಎಣ್ಣೆ ಎರಡು ಹನಿ ಕಡಿಮೆ ಹಾಕಿ ನೋಡಬೇಕು.