ಕಾರ್ನಾಟಿಕ್ ಹಡಗಿನ ಅವಶೇಷಕ್ಕೆ ನಾನು ಡೈವ್ ಮಾಡುವ ಬಗೆ

ಸೂಯೆಜ್‌ನಿಂದ ಮುಂಬಯಿಗೆ ಹೊರಟಿದ್ದ ಹಬೆ ಹಡಗು ಕಾರ್ನಾಟಿಕ್, 1869ರ ಸೆಪ್ಟೆಂಬರ್ 13ರ ನಸುಕಿಗೆ ಮುಂಚೆ ಕೆಂಪು ಸಮುದ್ರದ ಅಬು ನುಹಾಸ್ ಹವಳದ ದಿಬ್ಬಕ್ಕೆ ಬಡಿಯಿತು. ಇನ್ನೊಂದು ಹಡಗು ಬರುತ್ತದೆಂದು ಕ್ಯಾಪ್ಟನ್ ಜೋನ್ಸ್ ಜನರನ್ನು ಹಡಗಿನಲ್ಲೇ ಉಳಿಸಿಕೊಂಡರು. ಮರುದಿನ ಬೆಳಿಗ್ಗೆ 11ರ ಸುಮಾರಿಗೆ ಹಡಗು ಎರಡು ತುಂಡಾಯಿತು. ಸತ್ತವರು 31. ಯಾಕೆ ಮುರಿಯಿತು ಎಂಬುದು ನೀರಿನಡಿ ಇವತ್ತಿಗೂ ಕಾಣುತ್ತದೆ, ನೋಡುವ ಕ್ರಮ ಗೊತ್ತಿದ್ದರೆ.

ಅವಶೇಷವಿರುವುದು ದಿಬ್ಬದ ಉತ್ತರಕ್ಕೆ, ಅಂದರೆ ಗಾಳಿ ಮತ್ತು ಅಲೆ ಬಂದು ಹೊಡೆಯುವ ಬದಿಗೆ. ದೊಡ್ಡ ದೋಣಿ ದಕ್ಷಿಣದ ಮರೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ರಬ್ಬರ್ ದೋಣಿಯಲ್ಲಿ ಸುತ್ತಿ ಹೋಗಬೇಕು. ತೇಲಿಸುವ ಡೈವಿಂಗ್ ಜಾಕೆಟ್ಟಿನ ಗಾಳಿಯನ್ನೆಲ್ಲ ತೆಗೆದು ನೇರ ಕೆಳಗಿಳಿಯುತ್ತೇನೆ. ಮೇಲೆ ತೇಲುತ್ತ ಜೊತೆಗಾರರಿಗೆ ಕಾಯ್ದರೆ ಅಲೆ ಹವಳದ ಮೇಲೆ ಎಸೆಯುತ್ತದೆ.

ಮೊದಲು ಹಿಂಭಾಗ, ಸುಮಾರು 27 ಮೀಟರ್ ಆಳ. ಮಾಮೂಲಿ ಗಾಳಿಯಲ್ಲಿ ಅಲ್ಲಿ ಇಷ್ಟು ಹೊತ್ತು ಇರಬಹುದು ಎಂದು ಡೈವಿಂಗ್ ಕೋಷ್ಟಕ ಕೊಡುವುದು 20 ನಿಮಿಷ. ಆಮ್ಲಜನಕ 32 ಶೇಕಡಾ ಇರುವ ನೈಟ್ರಾಕ್ಸ್ ಎಂಬ ಗಾಳಿಯಲ್ಲಿ 29. ಆದರೆ ನೈಟ್ರಾಕ್ಸ್‌ನಲ್ಲಿ ಸಿಲಿಂಡರೇ ಮೊದಲು ಮುಗಿಯುತ್ತದೆ: 12 ಲೀಟರಿನದು, ಒತ್ತಡ 200 ಬಾರ್, ಅದರಲ್ಲಿ ತುರ್ತಿಗೆಂದು ಇಟ್ಟ 50 ಬಾರ್ ಮುಟ್ಟುವಂತಿಲ್ಲ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ, ಒತ್ತಡ ಮೂರೂವರೆ ಪಟ್ಟಿರುವ 25 ಮೀಟರಿನಲ್ಲಿ 70 ಲೀಟರ್ ಬೇಕು, ಮೇಲೇರುವುದೂ ಸೇರಿ ಸಿಗುವುದು 25 ನಿಮಿಷ. ನೇತ್ರಾಣಿಯ ಕಡಿಮೆ ಆಳದ ಡೈವ್‌ಗಳ ಅಭ್ಯಾಸದಲ್ಲೇ ಬಂದವರು ಇಲ್ಲಿ ಎಡವುತ್ತಾರೆ. 18 ಮೀಟರಿನವರೆಗೆ ಇಳಿಯಲು ಕೊಡುವ ಡೈವಿಂಗ್ ಪ್ರಮಾಣಪತ್ರ ಇದಕ್ಕೆ ಸಾಲದು.

ಹಡಗು ಎಡಮಗ್ಗುಲಾಗಿ ಮಲಗಿದೆ. ಮರದ ಹಲಗೆಗಳು ಕೊಳೆತುಹೋಗಿ ಕಬ್ಬಿಣದ ಪಕ್ಕೆಗಳಷ್ಟೇ ಉಳಿದಿವೆ. ಸಂದುಗಳಿಂದ ಬೆಳಕು ಬೀಳುವುದರಿಂದ ಒಳಗೆ ಹೋಗಬಹುದು. ಅಲ್ಲಿ ಕಾಲು ಬಡಿಯಬೇಡಿ, ಹೂಳೆದ್ದರೆ ದಾರಿ ಕಾಣುವುದಿಲ್ಲ. ಪಾರದರ್ಶಕ ಪುಟ್ಟ ಮೀನುಗಳ ಹಿಂಡಿನ ಹಿಂದೆ ಸಿಂಹಮೀನು ಅಡಗಿರುತ್ತದೆ, ಹಾಗಾಗಿ ಕಂಬಿಗೆ ಕೈ ಹಾಕುವುದೇ ಇಲ್ಲ. ಅದರ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಕೈ ಮುಳುಗಿಸಿಡಬೇಕು.

ಹಿಂಭಾಗದಿಂದ ಮುಂಭಾಗದ ಕಡೆ ಈಜುವಾಗ ನಡುವಿನ ರಾಶಿಯನ್ನು ನಿಧಾನವಾಗಿ ನೋಡಿ. ಬಾಯ್ಲರುಗಳೂ ಬಾಗಿದ ತಗಡುಗಳೂ ಇಲ್ಲೇ ಇವೆ. ಎರಡೂ ತುದಿ ಗಟ್ಟಿಯಾಗಿ ಉಳಿದು ನಡು ಮಾತ್ರ ನುಚ್ಚುನೂರಾಗಿದೆ. ಮೂತಿ ದಿಬ್ಬದ ಮೇಲೆ ಸಿಕ್ಕಿಕೊಂಡಿತ್ತು, ಹಿಂಭಾಗಕ್ಕೆ ಆಸರೆಯಿರಲಿಲ್ಲ. ಒಳಗೆ ನೀರು ತುಂಬಿದಂತೆ ಆ ತೂಕವನ್ನೆಲ್ಲ ನಡುವೇ ಹೊರಬೇಕಾಯಿತು. ಸುಮಾರು 34 ಗಂಟೆ ನಡು ಆ ಭಾರ ತಾಳಿತು. ಆ ಹೊತ್ತಿನಲ್ಲಿ ಎಲ್ಲರನ್ನೂ ಹತ್ತಿರದ ಶದ್ವಾನ್ ದ್ವೀಪಕ್ಕೆ ದಾಟಿಸಬಹುದಿತ್ತು ಎಂದೇ ನನ್ನ ಅಭಿಪ್ರಾಯ.

100 ಬಾರ್ ಉಳಿದಾಗ ಮುಂಭಾಗ ಬಿಟ್ಟು ದಿಬ್ಬದ ಗೋಡೆಯಿಂದ ದೂರ ಸರಿಯುತ್ತೇನೆ. 5 ಮೀಟರಿನಲ್ಲಿ 3 ನಿಮಿಷ ನಿಂತು ಗುರುತಿನ ಬಲೂನು ಮೇಲೆ ಬಿಡುತ್ತೇನೆ. ಅಲೆಗಳ ನಡುವೆ ಬರೀ ತಲೆ ದೋಣಿಯವರ ಕಣ್ಣಿಗೆ ಬೀಳುವುದಿಲ್ಲ.